ಜೇಡಿಮಣ್ಣಿನ ಖರ್ಚು ಯಾರದು?

1937ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರಾಡಳಿತ ಮಕ್ಕಳಿಗೆಂದು ಒಂದು ಮ್ಯೂಸಿಯಂ ತೆರೆಯಿತು. ಅದಕ್ಕೆ ಸಿಕ್ಕ ಜಾಗ ಓಷನ್ ಅವೆನ್ಯೂದ ಹಳೆಯ ಜೈಲು. ಅಮೆರಿಕ ಆಗಿನ್ನೂ ಮಹಾ ಆರ್ಥಿಕ ಕುಸಿತದ ಏಟಿನಿಂದ ಪೂರ್ತಿ ಚೇತರಿಸಿಕೊಂಡಿರಲಿಲ್ಲ. ಮಕ್ಕಳು ಹೆಕ್ಕಿ ತರುವ ಕಲ್ಲು, ಚಿಪ್ಪು, ಚಿಟ್ಟೆಗಳಿಗಾಗಿ ಹೊಸ ಕಟ್ಟಡ ಬೇಕೆಂದು ಯಾರಾದರೂ ಕೇಳಿದ್ದರೆ ನಗುತ್ತಿದ್ದರೇನೋ. ಹಾಗಾಗಿ ಕೈದಿಗಳನ್ನು ಕೂಡಿಹಾಕುತ್ತಿದ್ದ ಕಟ್ಟಡವೇ ಮಕ್ಕಳ ಪಾಲಾಯಿತು.

ಇದರ ಹಿಂದೆ ಇದ್ದವರು ನಗರದ ಮನರಂಜನಾ ಇಲಾಖೆಯ ಮುಖ್ಯಸ್ಥೆ ಜೋಸೆಫಿನ್ ರಾಂಡಲ್. ಆಟದ ಮೈದಾನ, ಈಜುಕೊಳ, ಜಾರುಬಂಡೆಗಳನ್ನು ನೋಡಿಕೊಳ್ಳುವ ಇಲಾಖೆ ಅದು. ಆದರೆ ರಾಂಡಲ್ ಓದಿದ್ದು ಪ್ರಾಣಿಶಾಸ್ತ್ರ. ಸ್ಟ್ಯಾನ್‌ಫರ್ಡ್‌ನಲ್ಲಿ 1910ರಲ್ಲೇ ಸ್ನಾತಕೋತ್ತರ ಪದವಿ ಮುಗಿಸಿದ್ದ ಹೆಂಗಸು. ಹುಡುಗಿಯರ ಸ್ಕೌಟ್ ತಂಡಗಳು ಅಮೆರಿಕದಲ್ಲಿ ಕಣ್ಣುಬಿಡುತ್ತಿದ್ದ ಕಾಲಕ್ಕೇ ಅಂಥದೊಂದು ತಂಡ ಕಟ್ಟಿದ್ದವರು. ಆಟ ಬೇರೆ, ಕಲಿಕೆ ಬೇರೆ ಎಂದು ಇಲಾಖೆಗಳನ್ನು ಹಂಚಿಕೊಂಡವರ ನಡುವೆ ಕೂತು, ಹಾವು ಹಿಡಿದು ನೋಡುವುದೂ ಮರಕ್ಕೆ ಮೊಳೆ ಹೊಡೆಯುವುದೂ ಮಕ್ಕಳ ಆಟವೇ ಎಂದು ಅವರು ತೀರ್ಮಾನಿಸಿದ್ದರು. ಮುಂದೆ ಅವರದೇ ಹೆಸರು ಪಡೆದ ಈ ರಾಂಡಲ್ ಮ್ಯೂಸಿಯಂ ಇವತ್ತಿಗೂ ಇರುವುದು ಶಿಕ್ಷಣ ಇಲಾಖೆಯ ಕೆಳಗಲ್ಲ, ಸಂಸ್ಕೃತಿ ಇಲಾಖೆಯ ಕೆಳಗೂ ಅಲ್ಲ. ಅದು ನಗರದ ಉದ್ಯಾನ ಮತ್ತು ಮನರಂಜನಾ ಇಲಾಖೆಯ ಸ್ವತ್ತು. ಈ ಸಣ್ಣ ಆಡಳಿತಾತ್ಮಕ ಸಂಗತಿಯೇ ಆ ಜಾಗದ ಗುಣವನ್ನು ಬಹುಮಟ್ಟಿಗೆ ನಿರ್ಧರಿಸಿದೆ ಎಂದು ನನಗನಿಸುತ್ತದೆ. ಅಲ್ಲಿ ಪಠ್ಯಕ್ರಮ ಇಲ್ಲ, ಪರೀಕ್ಷೆ ಇಲ್ಲ, ಒಳಹೋಗಲು ಟಿಕೆಟ್ಟೂ ಇಲ್ಲ.

ರಾಂಡಲ್ ಅವರ ಕಣ್ಣು ಜೈಲಿಗಿಂತ ಮೊದಲೇ ಒಂದು ಗುಡ್ಡದ ಮೇಲೆ ಬಿದ್ದಿತ್ತು. ನಗರದ ನಟ್ಟನಡುವೆ ಬೋಳಾಗಿ ಎದ್ದು ನಿಂತ ಕೆಂಪು ಬಂಡೆಯ ಗುಡ್ಡ ಅದು. ಆಗಿನ ಹೆಸರು ರಾಕ್ ಹಿಲ್, ಈಗ ಕರೋನಾ ಹೈಟ್ಸ್. ಅದನ್ನು ನಗರ ಕೊಂಡುಕೊಳ್ಳಬೇಕು ಎಂದು ಅವರು 1928ರಲ್ಲೇ ಒತ್ತಾಯಿಸಿದ್ದರು. ಗುಡ್ಡ ನಗರದ ಕೈಗೆ ಬಂದದ್ದು 1941ರಲ್ಲಿ.

ಆ ಗುಡ್ಡಕ್ಕೆ ಅದರದೇ ಒಂದು ಇತಿಹಾಸವಿದೆ. ಗ್ರೇ ಬ್ರದರ್ಸ್ ಎಂಬ ಕಂಪನಿ ಅಲ್ಲಿ ಕಲ್ಲು ಕ್ವಾರಿ ನಡೆಸುತ್ತಿತ್ತು, ಬುಡದಲ್ಲಿ ಇಟ್ಟಿಗೆ ಗೂಡುಗಳಿದ್ದವು. ಸಿಡಿಮದ್ದಿಗೆ ಸುತ್ತಲಿನ ಮನೆಗಳು ಬಿರುಕುಬಿಡುತ್ತಿದ್ದವು, ಕಲ್ಲುಗಳು ಹಾರಿ ಬೀಳುತ್ತಿದ್ದವು, ನೆರೆಯವರು ಕೋರ್ಟಿಗೆ ಹೋಗುತ್ತಿದ್ದರು. ನಗರದ ಬೇರೆ ಗುಡ್ಡಗಳಲ್ಲೂ ಇದೇ ಕಂಪನಿಯ ಕ್ವಾರಿಗಳು, ಇದೇ ಜಗಳ. 1914ರಲ್ಲಿ ಬಾಕಿ ಕೂಲಿ ಕೇಳಿ ಸೋತ ಕೆಲಸಗಾರನೊಬ್ಬ ಮಾಲೀಕರಲ್ಲಿ ಒಬ್ಬನಾದ ಜಾರ್ಜ್ ಗ್ರೇಯನ್ನು ಗುಂಡಿಟ್ಟು ಕೊಂದ. ವಿಚಾರಣೆ ನಡೆದು ಜ್ಯೂರಿಯವರು ಕೊಲೆಗಾರನನ್ನು ಬಿಟ್ಟುಬಿಟ್ಟರು. ಊರಿನ ಮನಸ್ಸು ಯಾರ ಕಡೆಗಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಕ್ವಾರಿಯವರು ಕಡಿದು ಬಿಟ್ಟ ಬಂಡೆಯೇ ಈಗ ಮಕ್ಕಳಿಗೆ ಪಾಠ. ಅದು ಚರ್ಟ್ ಎಂಬ ಗಟ್ಟಿ ಶಿಲೆ. ರೇಡಿಯೊಲೇರಿಯಾ ಎಂಬ, ಕಣ್ಣಿಗೆ ಕಾಣದಷ್ಟು ಚಿಕ್ಕ ಸಮುದ್ರಜೀವಿಗಳ ಸಿಲಿಕಾ ಅಸ್ಥಿಪಂಜರಗಳು ಕೋಟ್ಯಂತರ ವರ್ಷಗಳ ಹಿಂದೆ ಸಾಗರದ ತಳದಲ್ಲಿ ಪದರಪದರವಾಗಿ ಕೂತು ಕಲ್ಲಾದವು. ಭೂಫಲಕಗಳ ತಳ್ಳಾಟದಲ್ಲಿ ಆ ಕಡಲ ತಳ ಮೇಲೆದ್ದು ಗುಡ್ಡವಾಯಿತು. ಗುಡ್ಡದ ಒಂದು ಮಗ್ಗುಲಲ್ಲಿ ಭೂಪದರಗಳು ಒಂದರ ಮೇಲೊಂದು ಜಾರಿ ಉಜ್ಜಿಕೊಂಡ ಜಾಗ ಕನ್ನಡಿಯಂತೆ ನುಣುಪಾಗಿ ಹೊಳೆಯುತ್ತದೆ. ಪುಸ್ತಕದಲ್ಲಿ ಬರೀ ಗೆರೆಯಾಗಿ ಕಾಣುವ ಭೂಸ್ತರಭಂಗವನ್ನು ಮಗು ಇಲ್ಲಿ ಅಂಗೈಯಿಂದ ಸವರಬಹುದು. ಭೂಕಂಪದ ಊರಿನ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪಾಠ ಇನ್ನೊಂದಿರಲಾರದು.

ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ನಗರದ ಮತದಾರರು ಮೈದಾನ, ಉದ್ಯಾನಗಳಿಗಾಗಿ 1.2 ಕೋಟಿ ಡಾಲರ್‌ಗಳ ಸಾರ್ವಜನಿಕ ಸಾಲಕ್ಕೆ ಒಪ್ಪಿಗೆ ಕೊಟ್ಟರು. ಅದರ ಒಂದು ಪಾಲಿನಿಂದ ಗುಡ್ಡದ ಮೇಲೆ ಮ್ಯೂಸಿಯಂ ಎದ್ದಿತು. 1951ರಲ್ಲಿ ಬಾಗಿಲು ತೆರೆದಾಗ ಅದಕ್ಕೆ ರಾಂಡಲ್ ಅವರ ಹೆಸರಿಟ್ಟರು. ಕಾಲು ಶತಮಾನದ ನೌಕರಿ ಮುಗಿಸಿ ಅವರು ನಿವೃತ್ತರಾದದ್ದೂ ಅದೇ ವರ್ಷ.

ಒಳಗೆ ಏನಿದೆ ಎಂದರೆ, ದೊಡ್ಡ ಮ್ಯೂಸಿಯಂಗಳನ್ನು ನೋಡಿದವರಿಗೆ ಮೊದಲ ನೋಟಕ್ಕೆ ಸಪ್ಪೆಯೆನಿಸಬಹುದು. ಡೈನೊಸಾರ್ ಮೆರವಣಿಗೆ ಇಲ್ಲ, ಕತ್ತಲ ಕೋಣೆಯ ಬೆಳಕಿನಾಟ ಇಲ್ಲ. ಒಂದು ಕಡೆ ಜೀವಂತ ಪ್ರಾಣಿಗಳು: ರೆಕ್ಕೆ ಮುರಿದ ಗಿಡುಗ, ಗೂಬೆ, ಹಾವು, ಆಮೆ, ರಕೂನ್. ಗಾಯಗೊಂಡು ಬಂದವು, ಇಲ್ಲವೇ ಮನುಷ್ಯರ ನಡುವೆ ಬೆಳೆದು ಕಾಡಿನ ಬದುಕು ಮರೆತವು, ಮತ್ತೆ ಬಿಟ್ಟರೆ ಬದುಕಲಾರದಂಥವು. ಇನ್ನೊಂದು ಕಡೆ ಕುಂಬಾರಿಕೆಯ ಕೋಣೆ, ತಿಗರಿಗಳು, ಮಡಕೆ ಸುಡುವ ಗೂಡು. ಮತ್ತೊಂದು ಕಡೆ ಬಡಗಿ ಕೆಲಸದ ಕೋಣೆ, ಮಕ್ಕಳ ಎತ್ತರಕ್ಕೆ ತಕ್ಕ ಮೇಜುಗಳು. ನಾಟಕಕ್ಕೊಂದು ಪುಟ್ಟ ರಂಗಮಂದಿರ. ನೆಲಮಾಳಿಗೆಯಲ್ಲಿ ಆಟಿಕೆ ರೈಲುಗಳ ಒಂದು ಲೋಕವೇ ಇದೆ. 1961ರಿಂದ ಹವ್ಯಾಸಿಗಳ ಕ್ಲಬ್ಬೊಂದು ದಶಕಗಳ ಕಾಲ ಗುಡ್ಡ, ಸುರಂಗ, ಸೇತುವೆ, ಸ್ಟೇಷನ್ನುಗಳನ್ನು ಕೈಯಿಂದಲೇ ಮಾಡಿ ಬೆಳೆಸಿದ ರೈಲುದಾರಿ ಅದು. ಅಣಬೆ ಹುಡುಕುವವರು, ದೂರದರ್ಶಕ ಹಿಡಿದ ಹವ್ಯಾಸಿ ಖಗೋಳವೀಕ್ಷಕರು, ಕೀಟ ಸಾಕುವವರು, ಎಲ್ಲರಿಗೂ ಸಭೆ ಸೇರಲು ಈ ಕಟ್ಟಡ ಆಸರೆಯಾಗಿದ್ದದ್ದುಂಟು. (ಈ ಊರಿನ ಹವ್ಯಾಸಿಗಳ ಮಾತು ಬಂದರೆ ಜಾನ್ ಡಾಬ್ಸನ್ ಹೆಸರು ಬಿಡಲಾಗದು. ರಾಮಕೃಷ್ಣ ಸಂಪ್ರದಾಯದ ಇಲ್ಲಿನ ವೇದಾಂತ ಮಠದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಸನ್ಯಾಸಿಯಾಗಿದ್ದು, ಹಡಗಿನ ಕಿಟಕಿಯ ಗಾಜು ಉಜ್ಜಿ ದೂರದರ್ಶಕ ಮಾಡಿದವರು. 1967ರಲ್ಲಿ ಮಠ ಬಿಟ್ಟು ಫುಟ್‌ಪಾತಿನ ಮೇಲೆ ನಿಂತು ದಾರಿಹೋಕರಿಗೆ ಶನಿಯ ಬಳೆ ತೋರಿಸಿದರು.)

ಮುಟ್ಟಿ ನೋಡುವ ಮ್ಯೂಸಿಯಂ ಎಂಬ ಕಲ್ಪನೆ ರಾಂಡಲ್ ಅವರದಲ್ಲ. ಮಕ್ಕಳಿಗೆಂದೇ ಮೊದಲ ಮ್ಯೂಸಿಯಂ 1899ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಆಯಿತು. 1913ರಲ್ಲಿ ಬಾಸ್ಟನ್ ಅದನ್ನು ಅನುಸರಿಸಿತು. ಬಾಸ್ಟನ್ನಿನ ಮಕ್ಕಳ ಮ್ಯೂಸಿಯಂಗೆ 1962ರಲ್ಲಿ ನಿರ್ದೇಶಕನಾಗಿ ಬಂದ ಮೈಕಲ್ ಸ್ಪಾಕ್ ಗಾಜಿನ ಪೆಟ್ಟಿಗೆಗಳನ್ನು ಬದಿಗೆ ಸರಿಸಿ, ದಿನಬಳಕೆಯ ವಸ್ತುಗಳನ್ನು ಅಡ್ಡಕ್ಕೆ ಸೀಳಿಟ್ಟು, ಒಳಗೇನಿದೆ ನೋಡಿ ಎಂದ. ಆತನ ತಂದೆ ಮಕ್ಕಳ ಪಾಲನೆಯ ಪುಸ್ತಕದಿಂದ ಲೋಕಪ್ರಸಿದ್ಧರಾದ ಡಾಕ್ಟರ್ ಬೆಂಜಮಿನ್ ಸ್ಪಾಕ್. ಮಗನಿಗೆ ಮಾತ್ರ ಬಾಲ್ಯದಲ್ಲಿ ಅಕ್ಷರ ಕೂಡಿಸಿ ಓದುವುದೇ ಕಷ್ಟವಾಗಿತ್ತು. ಓದಿನಿಂದ ಕಲಿಯಲಾಗದವನಿಗೆ ಕೈಯಿಂದ ಕಲಿಯುವ ದಾರಿ ಹೊಳೆದದ್ದು ಸಹಜವೇ.

ಇನ್ನು ಇದೇ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1969ರಲ್ಲಿ ಶುರುವಾದ ಎಕ್ಸ್‌ಪ್ಲೊರೇಟೋರಿಯಂ ಇಡೀ ಜಗತ್ತಿನ ವಿಜ್ಞಾನ ಕೇಂದ್ರಗಳಿಗೆ ಮಾದರಿಯಾಯಿತು. ಅದನ್ನು ಕಟ್ಟಿದ ಫ್ರಾಂಕ್ ಓಪನ್‌ಹೈಮರ್, ಅಣುಬಾಂಬಿನ ರಾಬರ್ಟ್ ಓಪನ್‌ಹೈಮರ್ ಅವರ ತಮ್ಮ. ತಾನೂ ಭೌತವಿಜ್ಞಾನಿ. ಹಿಂದೆ ಕಮ್ಯುನಿಸ್ಟ್ ಪಕ್ಷದ ಸದಸ್ಯನಾಗಿದ್ದೆ ಎಂದು 1949ರಲ್ಲಿ ಒಪ್ಪಿಕೊಂಡದ್ದಕ್ಕೆ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡು ಸುಮಾರು ಹತ್ತು ವರ್ಷ ಕೊಲರಾಡೊದ ಹಳ್ಳಿಗಾಡಿನಲ್ಲಿ ದನ ಸಾಕಿದರು. ಅಲ್ಲಿನ ಹೈಸ್ಕೂಲಿನಲ್ಲಿ ಮೇಷ್ಟರಾದಾಗ ಪ್ರಯೋಗಗಳ ಮೂಲಕವೇ ಪಾಠ ಮಾಡಿದರು. 1965ರಲ್ಲಿ ಯುರೋಪಿನ ಮ್ಯೂಸಿಯಂಗಳನ್ನು ಸುತ್ತಿ ಬಂದ ಮೇಲೆ ಸ್ವಂತದೊಂದು ಕಟ್ಟುವ ಹುಚ್ಚು ಹತ್ತಿತು. 1915ರ ಜಾಗತಿಕ ಪ್ರದರ್ಶನಕ್ಕೆ ಕಟ್ಟಿದ್ದ ಅರಮನೆಯಂಥ ಕಟ್ಟಡದಲ್ಲಿ ಅದನ್ನು ಶುರುಮಾಡಿದರು. ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯನ್ನೂ ನೋಡುಗರ ಕಣ್ಣೆದುರಿಗೇ ಇಟ್ಟರು. ಕಲಾವಿದರನ್ನು ಕರೆದು ಕೂರಿಸಿದರು. ಬಾಬ್ ಮಿಲ್ಲರ್ ಎಂಬ ಕಲಾವಿದ ಬಿಸಿಲನ್ನು ಪ್ರಿಸಂಗಳಲ್ಲಿ ಒಡೆದು, ಕನ್ನಡಿಪಟ್ಟಿಗಳಿಂದ ಗೋಡೆಗೆ ಹಾಯಿಸಿ ಬಣ್ಣದ ಚಿತ್ರ ಮಾಡಿದ. ಅದನ್ನು ಕಲೆ ಎನ್ನಬೇಕೋ ದ್ಯುತಿಶಾಸ್ತ್ರ ಎನ್ನಬೇಕೋ ನೋಡಿದವರೇ ಹೇಳಬೇಕು.

ಎಕ್ಸ್‌ಪ್ಲೊರೇಟೋರಿಯಂ ಬಗ್ಗೆ ಪುಸ್ತಕಗಳಿವೆ, ಸಂಶೋಧನೆಗಳಿವೆ. ರಾಂಡಲ್ ಬಗ್ಗೆ ಬರೆದದ್ದು ಕಡಿಮೆ. ನನಗೆ ಮಾತ್ರ ಹೆಚ್ಚು ಕುತೂಹಲ ಎರಡನೆಯದರ ಮೇಲೆ. ಮೊದಲನೆಯದಕ್ಕೆ ದೇಶವಿದೇಶದಿಂದ ಟಿಕೆಟ್ ಕೊಂಡು ಬರುತ್ತಾರೆ. ಎರಡನೆಯದಕ್ಕೆ ಪಕ್ಕದ ಬೀದಿಯ ಮಗು ಪ್ರತಿ ಶನಿವಾರ ಬರುತ್ತದೆ. ಒಂದು ಸಲ ಬಂದು ಬೆರಗಾಗಿ ಹೋಗುವುದಕ್ಕೂ, ಹೋದ ವಾರ ಮಾಡಿದ ಮಣ್ಣಿನ ಬಟ್ಟಲು ಸುಟ್ಟು ಹೇಗೆ ಬಂದಿದೆ ಎಂದು ನೋಡಲು ಈ ವಾರ ಓಡಿಬರುವುದಕ್ಕೂ ಬಹಳ ವ್ಯತ್ಯಾಸವಿದೆ. ಬಟ್ಟಲು ಬಿರಿದಿರಬಹುದು. ಗಾಳಿಗುಳ್ಳೆ ಉಳಿದಿತ್ತೇ, ಒಣಗುವ ಮುಂಚೆಯೇ ಗೂಡಿಗೆ ಹೋಯಿತೇ ಎಂದು ಮೇಷ್ಟರ ಜೊತೆ ಮಗು ಚರ್ಚೆಗೆ ನಿಲ್ಲುತ್ತದೆ. ಕಲೆಯ ತರಗತಿ ವಿಜ್ಞಾನದ ತರಗತಿಯಾಗುವುದು ಆಗಲೇ. ಅದಕ್ಕಾಗಿ ಬೇರೆ ಘೋಷಣೆ ಬೇಕಿಲ್ಲ.

ಈಗ ದುಡ್ಡಿನ ಮಾತು. ಕಟ್ಟಡ ನಗರದ್ದು, ಬಾಗಿಲು ಕಾಯುವವರ ಸಂಬಳ ನಗರದ್ದು, ಸೂರು ಸೋರಿದರೆ ರಿಪೇರಿ ನಗರದ್ದು. ಆದರೆ ಮ್ಯೂಸಿಯಂ ಎಂಬುದು ಬರೀ ಸೂರಲ್ಲವಲ್ಲ. ಜೇಡಿಮಣ್ಣು ಖರ್ಚಾಗುತ್ತಲೇ ಇರುತ್ತದೆ. ಮೆರುಗಿನ ಬಣ್ಣ, ಮರದ ಹಲಗೆ, ಮೊಳೆ, ಗರಗಸದ ಅಲಗು, ಗಿಡುಗಕ್ಕೆ ಮಾಂಸ, ಆಮೆಗೆ ಸೊಪ್ಪು, ಪಶುವೈದ್ಯರ ಬಿಲ್ಲು, ಬಡ ಬಡಾವಣೆಯ ಶಾಲೆಯಿಂದ ಮಕ್ಕಳನ್ನು ಕರೆತರುವ ಬಸ್ಸು, ಬೇಸಿಗೆ ಶಿಬಿರಕ್ಕೆ ಹೆಚ್ಚುವರಿ ಕಲಿಸುವವರು. ಇದು ಉದ್ಘಾಟನೆಯ ಕಲ್ಲಿನ ಮೇಲೆ ಕೆತ್ತಿಸುವಂಥ ಖರ್ಚಲ್ಲ. ಹೋದ ವರ್ಷ ಕೊಟ್ಟಿದ್ದೆವಲ್ಲ ಎಂದು ಈ ವರ್ಷ ಬಿಡುವಂಥದೂ ಅಲ್ಲ. ಬಜೆಟ್ಟಿಗೆ ಕತ್ತರಿ ಬಿದ್ದರೆ ಮೊದಲು ಹೋಗುವುದೇ ಇದು. ಕಟ್ಟಡ ಹಾಗೇ ನಿಂತಿರುತ್ತದೆ, ಬೋರ್ಡೂ ಇರುತ್ತದೆ. ಮಗು ಒಳಗೆ ಹೋದರೆ ಮಾಡಲು ಏನೂ ಇರುವುದಿಲ್ಲ.

ಕ್ಯಾಲಿಫೋರ್ನಿಯಾಕ್ಕೆ ಆ ಕತ್ತರಿ ಬಿದ್ದ ದಿನಾಂಕವನ್ನೇ ಹೇಳಬಹುದು. 1978ರ ಜೂನ್ 6ರಂದು ರಾಜ್ಯದ ಜನ 13ನೇ ಪ್ರಸ್ತಾವ ಎಂದು ಹೆಸರಾದ ತಿದ್ದುಪಡಿಗೆ ಓಟು ಹಾಕಿದರು. ಆಸ್ತಿ ತೆರಿಗೆ ನಿಗದಿತ ಬೆಲೆಯ ಶೇ 1ನ್ನು ಮೀರಬಾರದು, ಆ ಬೆಲೆಯನ್ನೂ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರಿಸಬಾರದು ಎಂದಾಯಿತು. ಸ್ಥಳೀಯ ಆಡಳಿತಗಳ ಆಸ್ತಿ ತೆರಿಗೆ ವರಮಾನ ಒಮ್ಮೆಲೇ ಅರ್ಧಕ್ಕಿಂತ ಕೆಳಗೆ ಕುಸಿಯಿತು. ಪೊಲೀಸು, ಅಗ್ನಿಶಾಮಕದವರನ್ನು ಹೇಗೋ ಉಳಿಸಿಕೊಂಡರು. ಗ್ರಂಥಾಲಯ, ಉದ್ಯಾನ, ಮಕ್ಕಳ ಶಿಬಿರಗಳ ಮೇಲೆ ಹೊಡೆತ ಬಿತ್ತು. ತೆರಿಗೆ ಇಳಿಸಿಕೊಂಡ ಜನರೇ ಆಮೇಲೆ ಕೇಕು ಮಾರಿ, ಲಾಟರಿ ಚೀಟಿ ಎತ್ತಿ, ಅದೇ ಗ್ರಂಥಾಲಯ ಉಳಿಸಿ ಎಂದು ಹೊರಟರು. ನೆರೆಹೊರೆಯವರು ಸೇರಿ ಕಟ್ಟುವ ಇಂಥ ಬೆಂಬಲ ಸಂಘಗಳು ಅಮೆರಿಕಕ್ಕೆ ಹೊಸದೇನಲ್ಲ. ಆದರೆ ಅಲ್ಲಿಂದಾಚೆಗೆ ಕ್ಯಾಲಿಫೋರ್ನಿಯಾದಲ್ಲಿ ಅವು ಹವ್ಯಾಸವಾಗಿ ಉಳಿಯಲಿಲ್ಲ, ಅನಿವಾರ್ಯವಾದವು.

ರಾಂಡಲ್ ಮ್ಯೂಸಿಯಂ ಫ್ರೆಂಡ್ಸ್ ಅಂಥದೊಂದು ಲಾಭರಹಿತ ಸಂಘ. ಸದಸ್ಯತ್ವದ ಶುಲ್ಕ, ದೇಣಿಗೆ, ಪ್ರತಿಷ್ಠಾನಗಳ ಅನುದಾನ, ಇವನ್ನು ಕೂಡಿಸಿ ಮ್ಯೂಸಿಯಂನ ವಿಜ್ಞಾನ ಮತ್ತು ಕಲಾ ತರಗತಿಗಳಿಗೆ ಹರಿಸುವುದು ಅದರ ಕೆಲಸ. ಬಜೆಟ್ ಕಾಲದಲ್ಲಿ ನಗರಸಭೆಯ ಮುಂದೆ ಮ್ಯೂಸಿಯಂ ಪರವಾಗಿ ನಿಲ್ಲುವುದೂ ಅವರೇ. ಇಲಾಖೆಯ ನೌಕರ ತನ್ನ ಮೇಲಧಿಕಾರಿಯ ವಿರುದ್ಧ ಮಾತಾಡಲಾರ. ಸಂಘದವರಿಗೆ ಆ ಅಂಜಿಕೆ ಇಲ್ಲ. ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗುತ್ತದೆ, ನಮ್ಮಲ್ಲಿ 80ಜಿ ಎಂದು ಹೆಸರಾದ ವಿನಾಯಿತಿಯಂತೆ. ಬದಲಿಗೆ ಸಂಘ ಪ್ರತಿ ವರ್ಷ ಕೇಂದ್ರದ ತೆರಿಗೆ ಇಲಾಖೆಗೆ ಕೊಡುವ ಲೆಕ್ಕಪತ್ರ ಯಾರು ಬೇಕಾದರೂ ತೆರೆದು ನೋಡಬಹುದಾದ ದಾಖಲೆ. ಎಷ್ಟು ಬಂತು, ಎಷ್ಟು ಹೋಯಿತು, ಮುಖ್ಯಸ್ಥರಿಗೆ ಸಂಬಳ ಎಷ್ಟು, ಎಲ್ಲವೂ ಅಲ್ಲಿರುತ್ತದೆ. ಮುಖ್ಯವಾದದ್ದು, ಬೀಗದ ಕೈ ಸಂಘದ ಬಳಿ ಇಲ್ಲ. ಗುಡ್ಡವೂ ಕಟ್ಟಡವೂ ನಗರದ್ದೇ.

2015ರಲ್ಲಿ ಮ್ಯೂಸಿಯಂ ನವೀಕರಣಕ್ಕೆಂದು ಬಾಗಿಲು ಹಾಕಿ 2018ರ ಫೆಬ್ರವರಿಯಲ್ಲಿ ಮತ್ತೆ ತೆರೆಯಿತು. 2006ರಲ್ಲಿ ರಾಜ್ಯದ ಮತದಾರರು ಒಪ್ಪಿದ್ದ ಸಾಲದ ಹಣದಲ್ಲಿ ಪ್ರಕೃತಿ ಶಿಕ್ಷಣಕ್ಕೆಂದು ಮೀಸಲಿದ್ದ ಅನುದಾನ ಇದಕ್ಕೆ ದೊಡ್ಡ ಆಸರೆಯಾಯಿತು. ಇಲ್ಲೂ ಅದೇ ವಿನ್ಯಾಸ: ಗೋಡೆಗೆ ಸರ್ಕಾರದ ದುಡ್ಡು, ಗೋಡೆಯೊಳಗಿನ ಚಟುವಟಿಕೆಗೆ ಊರಿನವರದು.

ಇದನ್ನು ಮೆಚ್ಚಿ ಸುಮ್ಮನಾಗಲು ನನಗೆ ಮನಸ್ಸಿಲ್ಲ. ಸಾರ್ವಜನಿಕ ಹೊಣೆಯನ್ನು ದಾನದ ಮೇಲೆ ಬಿಟ್ಟರೆ ದಾನಿಗಳಿರುವ ಕಡೆ ಮಾತ್ರ ಮ್ಯೂಸಿಯಂ ಚೆನ್ನಾಗಿರುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದ ದಕ್ಷಿಣಕ್ಕಿರುವ ಪಾಲೊ ಆಲ್ಟೊದಲ್ಲೂ 1934ರಲ್ಲಿ ಶುರುವಾದ ಮಕ್ಕಳ ಮ್ಯೂಸಿಯಂ ಇದೆ, ಜೊತೆಗೊಂದು ಪುಟ್ಟ ಮೃಗಾಲಯ. ಅದಕ್ಕೂ ಬೆಂಬಲ ಸಂಘವಿದೆ. ಹೊಸ ಕಟ್ಟಡಕ್ಕೆ ಒಂದೇ ಕುಟುಂಬ 1.5 ಕೋಟಿ ಡಾಲರ್ ಕೊಟ್ಟಿತು. ಸಿಲಿಕಾನ್ ಕಣಿವೆಯ ಊರು, ಕೊಡುವವರಿದ್ದಾರೆ, ಕೊಟ್ಟರು. ಅದೇ ಕೊಲ್ಲಿಯ ಆಚೆ ದಡದ ಬಡ ಊರಿನ ಮಕ್ಕಳಿಗೆ ಅಂಥ ನೆರೆಯವರು ಎಲ್ಲಿಂದ ಬರಬೇಕು? ಉಚಿತ ಪ್ರವೇಶ ಉಳಿಸಿಕೊಂಡಿರುವ ರಾಂಡಲ್ ಮಾದರಿ ಈ ಪ್ರಶ್ನೆಗೆ ಅರ್ಧ ಉತ್ತರ ಕೊಡುತ್ತದೆ. ಇನ್ನರ್ಧ ಉತ್ತರ ತೆರಿಗೆಯಲ್ಲೇ ಇದೆ, ದೇಣಿಗೆಯ ಹುಂಡಿಯಲ್ಲಲ್ಲ.

ಬೆಂಗಳೂರಿನ ಕಸ್ತೂರಬಾ ರಸ್ತೆಯನ್ನು ಬಲ್ಲವರಿಗೆ ಇದೆಲ್ಲ ಓದುವಾಗ ಒಂದು ನಕ್ಷೆ ಕಣ್ಣಮುಂದೆ ಬಂದೀತು. 1865ರ ಸರ್ಕಾರಿ ವಸ್ತುಸಂಗ್ರಹಾಲಯ, ಅದರ ಪಕ್ಕ ವೆಂಕಟಪ್ಪ ಕಲಾ ಗ್ಯಾಲರಿ, ಅಲ್ಲೇ ಹತ್ತಿರ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಂ, ಬೆನ್ನಿಗೆ ಕಬ್ಬನ್ ಪಾರ್ಕಿನಲ್ಲಿ ಜವಾಹರ ಬಾಲಭವನ. ಪುರಾತತ್ವ, ಕಲೆ, ವಿಜ್ಞಾನ, ಮಕ್ಕಳ ಆಟ, ನಾಲ್ಕೂ ನಡೆದುಹೋಗುವಷ್ಟು ಹತ್ತಿರ. ರಾಂಡಲ್ ಒಂದೇ ಸೂರಿನಡಿ ಸೇರಿಸಿದ್ದನ್ನು ನಾವು ನಾಲ್ಕು ಕಾಂಪೌಂಡುಗಳಲ್ಲಿ ಹರಡಿದ್ದೇವೆ, ನಡುವೆ ಬೇಲಿ ಹಾಕಿದ್ದೇವೆ. ಬಾಲಭವನದ ಬೇಸಿಗೆ ಶಿಬಿರದಲ್ಲಿ ಮಣ್ಣಿನ ಗೊಂಬೆ ಮಾಡಿದ ಮಗು ಪಕ್ಕದ ಮ್ಯೂಸಿಯಂಗೆ ಹೋಗಿ ಹಳೆಯ ಮಡಕೆ ನೋಡಬಹುದು, ಅಲ್ಲಿಂದ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗಿ ಯಂತ್ರಗಳ ಹಿಡಿ ತಿರುಗಿಸಿ ನೋಡಬಹುದು. ಯಾರಾದರೂ ಕರೆದುಕೊಂಡು ಹೋಗಬೇಕಷ್ಟೆ.

ನಮ್ಮಲ್ಲಿ ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ವಿಜ್ಞಾನದ ಪ್ರದರ್ಶನಗಳನ್ನು ಬಸ್ಸಿಗೆ ಹೇರಿ ಹಳ್ಳಿಗೆ ಒಯ್ಯುವ ಕೆಲಸ ಕೋಲ್ಕತ್ತದ ಬಿರ್ಲಾ ಮ್ಯೂಸಿಯಂನಿಂದ 1965ರಲ್ಲೇ ಶುರುವಾಗಿತ್ತು. ವಿಶ್ವೇಶ್ವರಯ್ಯ ಮ್ಯೂಸಿಯಂನ ಬಸ್ಸು ಶಾಲೆಯಂಗಳಕ್ಕೆ ಬಂದ ದಿನವನ್ನು ಮರೆಯದವರು ಉತ್ತರ ಕರ್ನಾಟಕದಲ್ಲೂ ಸಿಗುತ್ತಾರೆ. ಖಾಸಗಿಯವರು ಕೈಜೋಡಿಸಲು ಬಂದದ್ದೂ ಉಂಟು, ಅದು ಜಗಳದಲ್ಲಿ ಮುಗಿದದ್ದೂ ಉಂಟು. 2015ರಲ್ಲಿ ರಾಜ್ಯ ಸರ್ಕಾರ ವೆಂಕಟಪ್ಪ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡುವ ಒಪ್ಪಂದ ಮಾಡಿಕೊಂಡಾಗ ಕಲಾವಿದರು ಬೀದಿಗಿಳಿದರು. ಗ್ಯಾಲರಿ ಎಲ್ಲರದು, ಸಣ್ಣ ಊರಿಂದ ಬಂದ ಹುಡುಗ ಕಡಿಮೆ ಬಾಡಿಗೆಗೆ ತನ್ನ ಚಿತ್ರ ತೂಗುಹಾಕುವ ಜಾಗ, ಅದನ್ನು ಬಿಟ್ಟುಕೊಡೆವು ಎಂದರು. ಒಪ್ಪಂದ ಕೈಬಿಟ್ಟುಹೋಯಿತು. ಕಲಾವಿದರ ಆತಂಕ ನ್ಯಾಯವಾದದ್ದೇ. ಆದರೆ ಗೆದ್ದ ಮೇಲೆ ಗ್ಯಾಲರಿಯ ದಿನದ ಖರ್ಚಿಗೆ ಬೆನ್ನಾಗಿ ನಿಲ್ಲುವ ಊರಿನವರದೊಂದು ಸಂಘ ಹುಟ್ಟಿ ಬಲಿಯಲಿಲ್ಲ. ಕೊಂಡುಕೊಳ್ಳುವ ಶ್ರೀಮಂತನಿಗೂ ಕೈಕಟ್ಟಿ ಕೂತ ಇಲಾಖೆಗೂ ನಡುವೆ ಮೂರನೆಯದೊಂದು ದಾರಿ ಇದೆ ಎಂಬುದು ಆ ಗಲಾಟೆಯಲ್ಲಿ ಯಾರ ಗಮನಕ್ಕೂ ಬಂದಂತಿಲ್ಲ.

ಆ ದಾರಿ ನಮಗೆ ಗೊತ್ತಿಲ್ಲದ್ದೂ ಅಲ್ಲ. ಸರ್ಕಾರಿ ಶಾಲೆಗಳಿಗೆ 2001ರಿಂದ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಶಾಲೆ ಸರ್ಕಾರದ್ದು, ಮೇಷ್ಟರ ಸಂಬಳ ಸರ್ಕಾರದ್ದು, ಆದರೆ ಪೋಷಕರ ಸಮಿತಿ ಊರವರಿಂದ ದೇಣಿಗೆ ಎತ್ತಿ ಬೆಂಚು ಮಾಡಿಸಬಹುದು, ಬಣ್ಣ ಹೊಡೆಸಬಹುದು. ಎಷ್ಟೋ ಹಳ್ಳಿಗಳಲ್ಲಿ ಹಳೆಯ ವಿದ್ಯಾರ್ಥಿಗಳು ಪ್ರಯೋಗಾಲಯಕ್ಕೆ ಸಾಮಾನು ತಂದುಕೊಟ್ಟಿದ್ದಾರೆ. ಮ್ಯೂಸಿಯಂಗೆ, ಬಾಲಭವನಕ್ಕೆ ಇದೇ ರೀತಿಯ ಸಮಿತಿ ಏಕಿರಬಾರದು ಎಂದು ಕೇಳಿದರೆ ಕಚೇರಿಯಿಂದ ಬರುವ ಮೊದಲ ಪ್ರಶ್ನೆ, ಆ ದುಡ್ಡನ್ನು ಯಾವ ಲೆಕ್ಕಶೀರ್ಷಿಕೆಗೆ ಹಾಕುವುದು ಎಂದು. ಪ್ರಶ್ನೆ ಸರಿಯಾದದ್ದೇ, ಅದಕ್ಕೆ ಉತ್ತರವನ್ನು ಒಂದು ಸರ್ಕಾರಿ ಆದೇಶದಲ್ಲಿ ಬರೆಯಬಹುದು. ಬೀಗದ ಕೈ ಇಲಾಖೆಯದು, ಹೆಸರಿನ ಫಲಕ ಯಾರಿಗೂ ಇಲ್ಲ, ಲೆಕ್ಕ ವರ್ಷಕ್ಕೊಮ್ಮೆ ಗೋಡೆಗೆ. ಸಂಘ ನೋಂದಾಯಿಸಲು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಏಳು ಜನ ಬೇಕು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ಮನೆ ಮಾಡಿಕೊಂಡು, ಮಕ್ಕಳ ಮ್ಯೂಸಿಯಂಗೆ ವರ್ಷಕ್ಕೊಮ್ಮೆ ಸದಸ್ಯತ್ವದ ಚೆಕ್ಕು ಬರೆದು ಅಭ್ಯಾಸವಾಗಿರುವ ಕನ್ನಡಿಗರಲ್ಲೇ ಅಷ್ಟು ಮಂದಿ ರಜೆಗೆ ಊರಿಗೆ ಬಂದಾಗ ಸಿಕ್ಕಾರು.